ಕಾರು ತೊಳೆಯಲು ಮೂರು ಗಂಟೆ

ಬಸ್ ಡಿಪೋದ ಗೇಟಿನ ಪಕ್ಕದಲ್ಲೊಂದು ಗಾಜಿನ ಗೂಡು. ಅದರಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಒಳಗೆ ಬಂತು ಎಂದು ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದವಳನ್ನು ಡ್ರೈವರುಗಳೆಲ್ಲ ಟೈಮಕ್ಕ ಎನ್ನುತ್ತಿದ್ದರು. ತಡವಾಗಿ ಬಂದ ಡ್ರೈವರು ಕಿಟಕಿಯ ಹತ್ತಿರ ನಿಂತು, "ಅಕ್ಕ, ದಾರೀಲಿ..." ಅನ್ನುವಷ್ಟರಲ್ಲಿ, "ಟ್ರಾಫಿಕ್ಕು. ಗೊತ್ತು, ಹೋಗು" ಅಂದುಬಿಡುವಳು. ಚಕ್ರ ಪಂಕ್ಚರ್ ಆಗಿದ್ದರೂ ಅವಳ ಪುಸ್ತಕದಲ್ಲಿ ಅದು ಟ್ರಾಫಿಕ್ಕೇ. ಹಾಗೆಂದು ಕೆಟ್ಟವಳೇನಲ್ಲ. ಎದುರಿಗಿದ್ದವರು ಮಾತಿಗೆ ತಡಕಾಡುವುದನ್ನು ನೋಡಲಾರದೆ, ತಾನೇ ಒಂದು ಮಾತು ಹುಡುಕಿ ಅವರ ಬಾಯಿಗೆ ಇಟ್ಟುಬಿಡುವಳು. ಆ ಮಾತು ಅವರದು ಹೌದೋ ಅಲ್ಲವೋ ಎಂದು ವಿಚಾರಿಸುವಷ್ಟು ವ್ಯವಧಾನ ಮಾತ್ರ ಅವಳಿಗಿರಲಿಲ್ಲ.

ಇಂಥವಳಿಗೆ ಸಿಕ್ಕ ಗಂಡನನ್ನು ನೋಡಬೇಕು. ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ದಿನವಿಡೀ ಜನ ಅವನ ಮುಂದೆ ನಿಂತು ಕೂಗಾಡುತ್ತಾರೆ, ಅವನು ತಲೆ ತಗ್ಗಿಸಿ ಬರೆದುಕೊಳ್ಳುತ್ತಾನೆ. ತಾನಾಗಿ ಒಂದು ಮಾತು ಶುರು ಮಾಡಿದನೆಂದರೆ, ಅದು ಮುಗಿಯುವುದರೊಳಗೆ ಕೇಳುವವರು ಚಹಾ ಕುಡಿದು ಲೋಟ ತೊಳೆದಿಟ್ಟು ಬರಬಹುದು. "ಇವನು ಹುಟ್ಟಿದ್ದೇ ಹದಿನೈದು ದಿನ ತಡವಾಗಿ ಕಣೇ. ಸೂಲಗಿತ್ತಿ ಎರಡು ಸಲ ಬಂದು ವಾಪಸ್ ಹೋಗಿದ್ದಳು" ಎಂದು ಅವನ ತಾಯಿ ಇಂದಿಗೂ ಹೇಳಿಕೊಂಡು ನಗುತ್ತಾಳೆ. ಅತ್ತೆಯ ಬಾಯಿ ಬಲು ಚುರುಕು. ಆ ಚುರುಕು ಮಗನಿಗೆ ಬರಲಿಲ್ಲ. ಹೊರಗಿನಿಂದ ಬಂದ ಸೊಸೆಗೆ ಮಾತ್ರ ಹೇಗೋ ಅಂಟಿಕೊಂಡಿತ್ತು.

ಅವರ ಮನೆಯಲ್ಲಿ ಹದಿನಾಲ್ಕು ವರ್ಷದ ಹಳೆಯ ಒಂದು ಬೂದು ಬಣ್ಣದ ಸಣ್ಣ ಕಾರು. ಪ್ರತಿ ಭಾನುವಾರ ಒಂಬತ್ತಕ್ಕೆ ಗಂಡ ಬಕೆಟ್ಟು, ಬಟ್ಟೆ ಹಿಡಿದು ಕಾರು ತೊಳೆಯಲು ಹೊರಗೆ ಹೋದರೆ ಹನ್ನೆರಡಕ್ಕೆ ಒಳಗೆ ಬರುತ್ತಿದ್ದ. ಅಷ್ಟರಲ್ಲಿ ಟೈಮಕ್ಕ ವಾರದ ಬಟ್ಟೆ ಒಗೆದು, ಅಡುಗೆ ಮುಗಿಸಿ, ಅತ್ತೆಯ ಮಾತ್ರೆಗಳನ್ನು ವಾರಕ್ಕಾಗುವಂತೆ ಡಬ್ಬಿಗೆ ತುಂಬಿ, ಎರಡು ರೂಮು ಒರೆಸಿರುತ್ತಿದ್ದಳು. ಕಾರು ತೊಳೆಯುವುದೆಂದರೆ ಮೂರು ಗಂಟೆಯ ಕೆಲಸ ಎಂದೇ ಅವಳು ತಿಳಿದಿದ್ದಳು.

ಫ್ಯಾನಿನ ಧೂಳು ಒರೆಸಲು ಸ್ಟೂಲು ಹತ್ತಿದ ಗಂಡ ಒಂದು ದಿನ ಕೆಳಗೆ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಮುಂದಿನ ಭಾನುವಾರ ಒಂಬತ್ತಕ್ಕೆ ಅವನು ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಕೆಟ್ಟಿನ ಮುಂದೆ ಸುಮ್ಮನೆ ನಿಂತಿದ್ದ.

"ಕೊಡಿ ಇಲ್ಲಿ, ನಾನು ತೊಳೀತೀನಿ" ಎಂದಳು.

"ಬೇಡ, ನಾನೇ ಎಡಗೈಯಲ್ಲಿ..."

"ಎಡಗೈಯಲ್ಲಿ ತೊಳೆದು ಅದನ್ನೂ ಮುರ್ಕೊಳ್ತೀರಾ? ಸರೀರಿ."

ಮೇಲಿನಿಂದ ನೀರು ಸುರಿದಳು, ಸೋಪಿನ ನೀರಲ್ಲಿ ಉಜ್ಜಿದಳು, ಗಾಲಿಗಳ ಕೆಸರು ಬಿಡಿಸಿದಳು, ಮತ್ತೆ ನೀರು ಹಾಕಿ ಒಣಬಟ್ಟೆಯಿಂದ ಒರೆಸಿದಳು. ಗಾಜುಗಳನ್ನು ಒಳಗೂ ಹೊರಗೂ ಒರೆಸಿ, ಕಾಲೊರಸು ಝಾಡಿಸಿ, ಬಾಗಿಲು ಹಾಕಿ ಕೈಗಡಿಯಾರ ನೋಡಿಕೊಂಡಳು. ಒಂಬತ್ತು ನಲವತ್ತು. ಶುರು ಮಾಡಿದ್ದು ಒಂಬತ್ತು ಐದಕ್ಕೆ. ಗಡಿಯಾರ ನಿಂತಿದೆಯೋ ಎಂದು ಕಿವಿಗೆ ಹಿಡಿದಳು. ನಿಂತಿರಲಿಲ್ಲ.

ಕಾರನ್ನು ಒಂದು ಸುತ್ತು ಹಾಕಿ ನೋಡಿದಳು. ಹೊಳೆಯುತ್ತಿತ್ತು. ಮೂವತ್ತೈದು ನಿಮಿಷ! ಹಾಗಾದರೆ ಇಷ್ಟು ವರ್ಷ, ಉಳಿದ ಎರಡು ಗಂಟೆ ಇಪ್ಪತ್ತೈದು ನಿಮಿಷ ಎಲ್ಲಿ ಹೋಯಿತು? ಅಷ್ಟು ಹೊತ್ತಿನಲ್ಲಿ ಅವಳ ಡಿಪೋದ ಬಸ್ಸು ಪಕ್ಕದ ಊರಿಗೆ ಹೋಗಿ, ಜನರನ್ನು ಇಳಿಸಿ, ಹತ್ತಿಸಿಕೊಂಡು ತಿರುಗಿ ಬರುತ್ತದೆ. ಒಂದು ಬಸ್ಸು ಅಷ್ಟು ಹೊತ್ತು ಲೆಕ್ಕಕ್ಕೆ ಸಿಗದೆ ಹೋಗಿದ್ದರೆ ಆ ಡ್ರೈವರಿಗೆ ನೋಟಿಸ್ ಹೋಗುತ್ತಿತ್ತು. ಗಂಡನಿಗೆ ನೋಟಿಸ್ ಕೊಡುವುದು ಹೇಗೆ?

ಮೊದಲು ತಪ್ಪು ತನ್ನದೇ ಇರಬೇಕು ಎಂದುಕೊಂಡಳು. ಗಂಡಸು ಮಾಡುವ ಯಾವುದೋ ನಾಜೂಕು ಕೆಲಸ ತನಗೆ ಗೊತ್ತಿಲ್ಲದೆ ಬಿಟ್ಟುಹೋಗಿರಬಹುದು. ಎರಡನೆಯ ಭಾನುವಾರ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಗಾಲಿಯ ಸಂದು, ನಂಬರ್ ಪ್ಲೇಟಿನ ಅಂಚು, ಬಾಗಿಲಿನ ಕೀಲು ಎಲ್ಲವನ್ನೂ ಉಜ್ಜಿದಳು. ಬೇಕೆಂದೇ ನಿಧಾನ ಮಾಡಿದಳು. ಐವತ್ತು ನಿಮಿಷ ದಾಟಲಿಲ್ಲ. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಕಾರಿಗೆ ಬೀಗ ಹಾಕಿ ಕೀಲಿಯನ್ನು ಮೊಳೆಗೆ ತೂಗುಹಾಕುವುದನ್ನು ಅವನು ನೋಡಿದ ರೀತಿ, ಯಾರೋ ತನ್ನ ಕೋಣೆಗೇ ಬೀಗ ಹಾಕಿದ ಹಾಗಿತ್ತು.

ಸೋಮವಾರ ಡಿಪೋದಲ್ಲಿ ಬಸ್ಸು ತೊಳೆಯುವ ಹೆಂಗಸನ್ನು ಕೇಳಿದಳು: "ಕೈಯಲ್ಲಿ ಒಂದು ಸಣ್ಣ ಕಾರು ತೊಳೆಯೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ. ಒಳಗೆಲ್ಲ ಗುಡಿಸಿದ್ರೆ ಮುಕ್ಕಾಲು. ಪಾಲಿಶ್ ಹಾಕಿದ್ರೆ ಒಂದೂವರೆ."

"ಮೂರು ಗಂಟೆ ಆಗಲ್ವಾ?"

"ಮೂರು ಗಂಟೆಲಿ ಕಾರು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬಹುದು ಅಕ್ಕ" ಎಂದು ಅವಳು ನಕ್ಕಳು. ಟೈಮಕ್ಕನಿಗೆ ನಗು ಬರಲಿಲ್ಲ.

ತಲೆಗೆ ಹುಳ ಹೊಕ್ಕರೆ ಅದು ಸುಮ್ಮನೆ ಕೂರುತ್ತದೆಯೇ? ಗಂಡನ ಮೇಲೆ ಸಂಶಯಪಡಲು ಅವಳಿಗೆ ನಾಚಿಕೆ, ಸಂಶಯಪಡದೆ ಇರಲು ಸಂಕಟ. ಕೀಲಿ ತೆಗೆದುಕೊಂಡು ಹೋಗಿ ಕಾರಿನ ಖಾನೆ ಜಾಲಾಡಿದಳು. ಒಂದು ಬಾಚಣಿಗೆ, ಮಾಸಿದ ವಿಮೆ ಕಾಗದ, ಪೆಪ್ಪರ್‌ಮಿಂಟಿನ ಖಾಲಿ ಡಬ್ಬಿ, ಒಂದು ಗುಂಡಿ. ಸೀಟಿನ ಕೆಳಗೆ ಏನೂ ಇಲ್ಲ. ಏನಾದರೂ ಸಿಕ್ಕಿದ್ದರೆ ಜಗಳವಾಡಬಹುದಿತ್ತು. ಏನೂ ಸಿಗದ್ದಕ್ಕೆ ಸಮಾಧಾನಪಡಬೇಕೋ ಇನ್ನಷ್ಟು ಹೆದರಬೇಕೋ ಅವಳಿಗೆ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಮನುಷ್ಯ ತನಗೆ ಗೊತ್ತೇ ಇಲ್ಲವೇನೋ ಎನ್ನುವ ಭಯ ಅವಳನ್ನು ಹಿಡಿದುಕೊಂಡಿತು.

ಮೂರನೆಯ ಭಾನುವಾರ ಬೆಳಿಗ್ಗೆ ಎದುರುಮನೆಯ ದರ್ಜಿಯ ಹತ್ತಿರ ಹೋದಳು. ಅವನ ಹೊಲಿಗೆ ಯಂತ್ರ ಬೀದಿಯ ಕಡೆಯ ಕಿಟಕಿಗೇ ಅಂಟಿಕೊಂಡಿದೆ. ಬೀದಿಯಲ್ಲಿ ಸೊಳ್ಳೆ ಹಾರಿದರೂ ಅವನಿಗೆ ಗೊತ್ತಾಗಬೇಕು. ರವಿಕೆಯ ತೋಳು ಸಡಿಲ ಮಾಡಿಕೊಡು ಎಂದು ನೆಪ ಹೇಳಿ, ಮಾತಿಗೆ ಮಾತು ಸೇರಿಸಿ ಕೇಳಿದಳು.

"ಅಣ್ಣಾನಾ? ತೊಳೆಯೋದು ಅರ್ಧ ಗಂಟೆ ಅಷ್ಟೆ" ಎಂದ ದರ್ಜಿ, ಸೂಜಿಗೆ ದಾರ ಪೋಣಿಸುತ್ತಾ. "ಆಮೇಲೆ ಡ್ರೈವರ್ ಸೀಟಲ್ಲಿ ಕೂತ್ಕೊಂಡು ಮಾತಾಡ್ತಾರೆ. ಹನ್ನೆರಡು ಗಂಟೆವರೆಗೂ."

"ಫೋನಲ್ಲಿ?"

"ನಾನೂ ಹಾಗೇ ಅನ್ಕೊಂಡಿದ್ದೆ. ಕೈಯಲ್ಲಿ ಫೋನ್ ಕಾಣ್ಸಲ್ಲ. ಪಕ್ಕದ ಸೀಟ್ ಕಡೆ ತಿರುಗಿ ಮಾತಾಡ್ತಾರೆ. ಅಲ್ಲಿ ಯಾರೂ ಇರಲ್ಲ."

ಫೋನ್ ಇರಲು ಸಾಧ್ಯವೂ ಇಲ್ಲ. ಭಾನುವಾರ ಅವನ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕುವವಳು ಅವಳೇ. ಕಳ್ಳಸಂಬಂಧವಾದರೆ ಒಂದು ಲೆಕ್ಕ, ಬೈಯಲು ಒಂದು ಮುಖವಾದರೂ ಇರುತ್ತದೆ. ಖಾಲಿ ಸೀಟಿನೊಂದಿಗೆ ಮಾತಾಡುವ ಗಂಡನನ್ನು ಏನು ಮಾಡುವುದು, ಯಾವ ವೈದ್ಯರಿಗೆ ತೋರಿಸುವುದು?

ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ರೀ, ಕಾರಲ್ಲಿ ಕೂತ್ಕೊಂಡು ಯಾರ ಜೊತೆ ಮಾತಾಡ್ತೀರಿ?"

ಗಂಡ ಎಡಗೈಯಲ್ಲಿ ಹಿಡಿದ ಚಮಚವನ್ನು ತಟ್ಟೆಯಲ್ಲಿಟ್ಟ. ಅವನ ಮುಖ ಕೆಂಪಗಾಯಿತು. "ಅದು... ಏನಂದ್ರೆ..."

"ಆಫೀಸಲ್ಲಿ ತೊಂದರೆನಾ?"

"ಅಲ್ಲ, ನಾನು..."

"ಮೈಯಲ್ಲಿ ಹುಷಾರಿಲ್ವಾ? ತಲೆಯಲ್ಲಿ ಏನಾದ್ರೂ ಕೇಳಿಸುತ್ತಾ?"

ಅತ್ತೆ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಅವನು ಹೇಳ್ಲಿ ಬಿಡೇ! ನಿನ್ನ ಬಾಯಿಗೆ ಬ್ರೇಕೇ ಇಲ್ವಲ್ಲ. ನಾನು ಮಾತುಗಾರ್ತಿ ಅಂದ್ರೆ ನೀನು ನನ್ನನ್ನೇ ಮೀರಿಸ್ದೆ."

ಟೈಮಕ್ಕ ಸೌಟು ಎತ್ತಿಕೊಂಡು ಅತ್ತೆಗೆ ಸಾರು ಬಡಿಸಿದಳು.

"ನಿನ್ನ ಜೊತೆ" ಎಂದ ಗಂಡ.

"ಏನು?"

"ನಿನ್ನ ಜೊತೆನೇ ಮಾತಾಡ್ತೀನಿ."

"ನಾನು ಅಡುಗೆಮನೆಲಿರ್ತೀನಲ್ಲ?"

"ಅದಕ್ಕೇ" ಎಂದ ಅವನು. ಅಷ್ಟು ಹೇಳಿ, ಏನೋ ದೊಡ್ಡ ತಪ್ಪು ಮಾಡಿದವನಂತೆ ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಆ ವಾರ ಟೈಮಕ್ಕ ಇಪ್ಪತ್ತೆರಡು ವರ್ಷದಲ್ಲಿ ಮಾಡದ ತಪ್ಪು ಮಾಡಿದಳು. ಹೊರಟ ಬಸ್ಸುಗಳನ್ನು ಬಂದ ಬಸ್ಸುಗಳ ಕಾಲಮ್ಮಿನಲ್ಲಿ ಬರೆದಳು. "ಏನಕ್ಕ, ನಾನು ಹೋಗೋ ಮುಂಚೆನೇ ಬಂದ್ಬಿಟ್ಟಿದೀನಿ?" ಎಂದು ಡ್ರೈವರೊಬ್ಬ ಛೇಡಿಸಿದ. ಅವಳು ಗೆರೆ ಎಳೆದು ತಿದ್ದಿದಳು. ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು. ಅವನು ಇಷ್ಟು ವರ್ಷ ತನ್ನೊಡನೆಯೇ ಮಾತಾಡುತ್ತಿದ್ದನಂತೆ. ಅದಕ್ಕೆ ಖುಷಿಪಡುವುದೇ? ಆದರೆ ಆ ಸೀಟಿನಲ್ಲಿ ಕೂತವಳು ತಾನಲ್ಲವಲ್ಲ. ಆ ಸೀಟಿನವಳು ಅಡ್ಡ ಮಾತಾಡುವುದಿಲ್ಲ, ಎದ್ದು ಹೋಗುವುದಿಲ್ಲ, ಗಡಿಯಾರ ನೋಡುವುದಿಲ್ಲ. ಆ ಇಲ್ಲದ ಹೆಂಗಸಿನ ಮೇಲೆ ಅವಳಿಗೆ ಹೊಟ್ಟೆ ಉರಿಯಿತು. ಉರಿಯುತ್ತಿರುವುದು ತನ್ನ ಮೇಲೆ ತನಗೇ ಎಂದು ನೆನಪಾಗಿ ಮತ್ತೆ ಗಲಿಬಿಲಿಯಾಯಿತು. ಇಂಥ ಕಗ್ಗಂಟನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ನಾಲ್ಕನೆಯ ಭಾನುವಾರ ಕಾರು ತೊಳೆದು ಮುಗಿಸಿದವಳು ಬೀಗ ಹಾಕಲಿಲ್ಲ. ಕೈ ಒರೆಸಿಕೊಂಡು ಪಕ್ಕದ ಸೀಟಿನಲ್ಲಿ ಕೂತು ಕರೆದಳು: "ರೀ, ಬನ್ನಿ ಇಲ್ಲಿ. ಕೂತ್ಕೊಳ್ಳಿ." ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು, ಗಂಡ ಡ್ರೈವರ್ ಸೀಟಿನಲ್ಲಿ ಹೇಗೋ ತೂರಿ ಕೂತ. ಕಾರಿನೊಳಗೆ ಒದ್ದೆ ಬಟ್ಟೆಯ ವಾಸನೆ. ಎದುರಿನ ಕಿಟಕಿಯಲ್ಲಿ ದರ್ಜಿಯ ಯಂತ್ರ ತಟಕ್ಕನೆ ನಿಂತಿತು. ನೋಡುವುದಾದರೆ ನೋಡಲಿ, ಅವಳಿಗೆ ಈಗ ಅದರ ಪರಿವೆ ಇರಲಿಲ್ಲ.

"ಹೇಳಿ. ನಾನು ಬಾಯಿ ಬಿಡಲ್ಲ."

ಅವನು ಸ್ಟಿಯರಿಂಗಿನ ಕಡೆ ನೋಡುತ್ತಾ ಕೂತ. ಇದ್ದಕ್ಕಿದ್ದಂತೆ ನಿಜವಾದ ಹೆಂಡತಿಯೇ ಬಂದು ಕೂತರೆ ಬಾಯಿ ಕಟ್ಟದೆ ಇದ್ದೀತೇ? ಬಹಳ ಹೊತ್ತಿನ ಮೇಲೆ, "ಅಡುಗೆಮನೆ ಗೋಡೆಗೆ ಆ ಹಸಿರು ನಂಗೆ ಇಷ್ಟ ಇಲ್ಲ" ಎಂದ.

ಬಣ್ಣ ಹೊಡೆಸಿ ನಾಲ್ಕು ವರ್ಷವಾಗಿತ್ತು. ಆವತ್ತೇ ಹೇಳಬಾರದಿತ್ತೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಇಂಥವೇ ಇನ್ನೂ ಎರಡು ಮೂರು ಬಂದವು. ಕಚೇರಿಯ ಹೊಸ ಸಾಹೇಬ, ಬಿಗಿಯಾಗುವ ಚಪ್ಪಲಿ. ಇಷ್ಟೇನೇ, ಇದಕ್ಕಾಗಿ ಮೂರು ಗಂಟೆಯೇ ಎಂದು ಅವಳಿಗೆ ನಗು ಬರುವ ಹಾಗಾಯಿತು.

ಆಗ ಅವನು, "ಮಾವ ಹೋದ ದಿನ..." ಎಂದ.

ಅವಳ ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಯಿತು. ಒಂಬತ್ತು ವರ್ಷದಿಂದ ಅವನು ಆ ಮಾತು ಎತ್ತಿದಾಗಲೆಲ್ಲ, "ಗೊತ್ತು, ಬಿಡಿ" ಎಂದು ಎದ್ದು ಹೋಗಿದ್ದಳು. ಆ ದಿನ ಅವಳ ಅಪ್ಪ ಆಸ್ಪತ್ರೆಯಲ್ಲಿದ್ದರು. ಹಾಸಿಗೆಯ ಪಕ್ಕದಲ್ಲಿ ಕೂತಿದ್ದವನು ಗಂಡ. ಕರೆ ಬಂದಾಗ ಅವಳು ಗೂಡಿನಲ್ಲಿದ್ದಳು, ಬದಲಿಯವಳು ಇನ್ನೂ ಬಂದಿರಲಿಲ್ಲ. ಪುಸ್ತಕ ಒಪ್ಪಿಸಿ ಓಡಿಬರುವಷ್ಟರಲ್ಲಿ ಅಪ್ಪ ಹೋಗಿಯಾಗಿತ್ತು. ವಾರ್ಡಿನ ಬಾಗಿಲಲ್ಲಿ ಗಂಡ, "ಅವಳಿಗೆ ಹೇಳು ಅಂದ್ರು..." ಎಂದು ಶುರು ಮಾಡುವಷ್ಟರಲ್ಲಿ, "ಬೇಗ ಬಾ ಅಂತ ತಾನೇ? ನಾನೇ ತಡ ಮಾಡ್ದೆ" ಎಂದು ಅವಳು ನೆಲಕ್ಕೆ ಕುಸಿದಿದ್ದಳು. ಅಂದಿನಿಂದ ಅವಳು ಎಲ್ಲಿಗೂ ನಡೆದು ಹೋಗಿದ್ದಿಲ್ಲ, ಓಡಿದ್ದೇ.

ಕೈಯನ್ನು ಹಿಡಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಬೇಗ ಬಾ ಅಂತ ಅವರು ಹೇಳಿಲ್ಲ" ಎಂದ ಗಂಡ. ಉಸಿರೆಳೆದುಕೊಂಡ. "ಗಂಟೆ ಎಷ್ಟು ಅಂತ ಕೇಳಿದ್ರು. ನಾಲ್ಕೂ ಹತ್ತು ಅಂದೆ. 'ಬದಲಿಯವಳು ಬರೋದು ನಾಲ್ಕೂವರೆಗೆ ಅಲ್ವಾ' ಅಂದ್ರು. ನಿನ್ನ ಡ್ಯೂಟಿ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು."

ಮಾತು ಬರದ ಹಾಗೆ ಕೆಳತುಟಿಯನ್ನು ಕಚ್ಚಿ ಹಿಡಿದಳು. ಗಂಡ ಎಡಗೈ ಬೆರಳಿಂದ ಸ್ಟಿಯರಿಂಗನ್ನು ಉಜ್ಜುತ್ತಾ ಕೂತ. ಮಾತು ಮುಗಿಯಿತೋ ಇದೆಯೋ ಅವಳಿಗೆ ಗೊತ್ತಾಗಲಿಲ್ಲ. ಆದರೂ ಕಾದಳು.

"ಆಮೇಲೆ ಅಂದ್ರು, 'ಓಡಿ ಬರೋದು ಬೇಡ ಅನ್ನು ಅವಳಿಗೆ. ರಸ್ತೆ ನೋಡ್ಕೊಂಡು ನಿಧಾನಕ್ಕೆ ಬರ್ಲಿ. ನಾನೇನು ಕಾಯ್ತಾ ಕೂತಿಲ್ಲ ಅನ್ನು.' ಹಾಗಂದು ನಕ್ಕರು. ಎರಡು ಚಮಚ ನೀರು ಕುಡಿದ್ರು. ಅಷ್ಟೇ." ಅವನು ಎಡಗೈಯಿಂದ ಕಣ್ಣೊರೆಸಿಕೊಂಡ. "ಪ್ರತಿ ವಾರ ಇದನ್ನ ಈ ಸೀಟಿಗೆ ಹೇಳ್ತೀನಿ. ಸರಿಯಾಗಿ ಹೇಳೋದು ಅಭ್ಯಾಸ ಆದ್ರೆ ಒಳಗೆ ಬಂದು ನಿಂಗೆ ಹೇಳೋಣ ಅಂತ."

ಒಂಬತ್ತು ವರ್ಷ ಹೊತ್ತ ಹೊರೆ ತನ್ನದಲ್ಲವೇ ಅಲ್ಲ ಎಂದು ಯಾರಾದರೂ ಹೀಗೆ ಹೇಳಿದರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅಳು ಬಂತು, ಅಪ್ಪ ನಕ್ಕದ್ದು ಕಣ್ಣಿಗೆ ಕಟ್ಟಿ ನಗುವೂ ಬಂತು, ಗಂಡನ ಮೇಲೆ ಸಿಟ್ಟೂ ಬಂತು. ಮೂಗು ಒರೆಸಿಕೊಂಡಳು. ಒಳಗಿನಿಂದ ಅತ್ತೆ ಊಟಕ್ಕೆ ಕೂಗಿದ್ದು ಕೇಳಿಸಿತು. ಇಬ್ಬರೂ ಏಳಲಿಲ್ಲ.

"ಇನ್ನೊಂದು ಸಲ ಹೇಳಿ" ಎಂದಳು.

ಅವನು ಗಂಟಲು ಸರಿಮಾಡಿಕೊಂಡು, ಅವಳ ಅಪ್ಪ ಗಂಟೆ ಎಷ್ಟೆಂದು ಕೇಳಿದಲ್ಲಿಂದ ಮತ್ತೆ ಶುರು ಮಾಡಿದ.