ತೋಳಿನ ಬಿಲ್ಲೆ ಹೇಳಿದ್ದು

ನಾವು ನಡೆಸುವ ಅಣುಸ್ಥಾವರದಲ್ಲಿ ಅಪಾಯವಾದರೆ ಒಳಗಿನ ಬಿಸಿ, ಒತ್ತಡದ ಅಂಕಿಗಳೆಲ್ಲ ಆ ಕ್ಷಣವೇ ತಮಗೂ ಕಾಣಬೇಕೆಂದು ಸರ್ಕಾರದ ಸುರಕ್ಷತಾ ಅಧಿಕಾರಿಗಳು ನಮ್ಮ ಕಂಪನಿಯನ್ನು ಕೇಳಿದ್ದರು. ಬರೀ ಅಂಕಿ ನೋಡಿ ಗಾಬರಿಯಾಗುತ್ತೀರಿ, ಬೇಡ, ಏನಾದರೂ ಆದರೆ ನಾವೇ ಹೇಳುತ್ತೇವೆ ಅಂತ ಉತ್ತರ ಬರೆಯುವ ಕೆಲಸ ನನ್ನದು. ಕೆ.ಆರ್. ಪೇಟೆಯಿಂದ ಪಾಂಡವಪುರದ ಬಸ್ಸು ಹತ್ತಿದಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಯಜಮಾನರ ತೋಳಿಗೆ ಬಿಲ್ಲೆಯಂಥದ್ದೊಂದು ಅಂಟಿತ್ತು. ಏನೆಂದು ಕೇಳಿದೆ.

"ಸಕ್ಕರೆ ಕಾಯ್ಲೆ ಸಾ. ಮೈಯಾಗೆ ಸಕ್ಕರೆ ಎಷ್ಟೈತೆ ಅಂತ ಇದು ನಮ್ಮನೆಯೋಳ ಫೋನಿಗೆ ಯೋಳ್ಬುಡ್ತದೆ," ಅಂದು ಮುಂದಿನ ಹೆಂಗಸರ ಸೀಟಿನತ್ತ ಗದ್ದ ತೋರಿಸಿದರು. "ನಂಬರ್ ನೋಡ್ಕಂಡು ಸುಮ್‌ಸುಮ್ನೆ ಗಾಬರಿ ಬೀಳ್ತಾಳೆ. ಏನಾರಾ ಆದ್ರೆ ನಾನೇ ಯೋಳಕ್ಕಿಲ್ವಾ?"

ನನ್ನ ಉತ್ತರದ ಮೊದಲ ಸಾಲೂ ಅದೇ! ಖುಷಿಯಿಂದ ತಲೆಯಾಡಿಸಿದೆ.

ಚಿನಕುರಳಿ ದಾಟುವಾಗ ಅವರ ಹಣೆ ಬೆವರಿತು, ಮಾತು ತೊದಲಿತು. ಏನಾಯ್ತು ಅಂದೆ. "ಏನಿಲ್ಲ ಬುಡಿ ಸಾ," ಅಂದರು.

ಅಷ್ಟರಲ್ಲಿ ಮುಂದೆ ಫೋನು ಕೂಗಿತು. ನಿಂತವರನ್ನು ಸರಿಸಿಕೊಂಡು, ಸೆರಗಿನ ಗಂಟು ಬಿಚ್ಚುತ್ತ ಆಕೆ ಬಂದೇಬಿಟ್ಟರು. "ಸಕ್ಕರೆ ಇಳ್ದದೆ, ಬಾಯ್ ತಗೀರಿ," ಅಂದು ಬೆಲ್ಲದ ಚೂರು ಇಟ್ಟರು. ಬೈಯಲಿಲ್ಲ. ಯಜಮಾನರು ಮಗುವಿನಂತೆ ಚೀಪಿದರು.

ನಾನು ಎದ್ದು ಆಕೆಗೆ ಸೀಟು ಬಿಟ್ಟೆ. ಆಕೆ ಗಂಡನ ಹಣೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. ಚೇತರಿಸಿಕೊಂಡ ಯಜಮಾನರು ಕತ್ತೆತ್ತಿ ಮೆಲ್ಲಗೆ ಅಂದರು: "ನಾನೇ ಯೋಳೋನಿದ್ದೆ ಸಾ."

ಅಧಿಕಾರಿಗಳಿಗೆ ಬೇಡ ಅನ್ನುವ ಆ ಉತ್ತರ ಇನ್ನೂ ಬರೆದಿಲ್ಲ. ಯಾಕೆ ಅಂತ ಆಫೀಸಿನಲ್ಲಿ ಕೇಳುತ್ತಲೇ ಇದ್ದಾರೆ. ಒಂದು ಚೂರು ಬೆಲ್ಲದಿಂದಾಗಿ ಅಂತ ಹೇಗೆ ಹೇಳಲಿ?