ಬಲಗೈಗೆ ಭದ್ರಾವತಿಯ ಸೂಜಿ

ಆ ವರ್ಷ ನನ್ನ ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲವೆಂದು ಹಟ ಹಿಡಿಯಿತು. ಅಪ್ಪ ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತು ಓದಿಸಿದ ಮಗಳು ನಾನು, ನಮ್ಮ ವಂಶದಲ್ಲೇ ಮೊದಲ ಬಿ.ಎ. ನಮ್ಮೂರ ದುರ್ಗಿಗುಡಿ ಬೀದಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಖಾಯಂ ಆಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡಿ ತೀರ್ಮಾನಿಸುವುದಿತ್ತು. ನಾನೋ ಬೋರ್ಡಿನ ಕೆಳಭಾಗದಲ್ಲಷ್ಟೇ ಬರೆಯಬಲ್ಲೆ. ಹಿಂದಿನ ಬೆಂಚಿನವರು ಎದ್ದು ನಿಂತು ಓದಿಕೊಳ್ಳುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಕಿಟಕಿಯಲ್ಲಿ ಇಣುಕಿ, "ಅರ್ಧ ಬೋರ್ಡಿಗೆ ಅರ್ಧ ಸಂಬಳ ಸಾಕೇನಮ್ಮ?" ಎಂದು ಕೇಳಿ ಹೋದರು. ಅವರ ಕರುಣೆ ದೊಡ್ಡದು.

ಆಸ್ಪತ್ರೆಯ ಕೆಂಪು ಮಿಕ್ಸ್ಚರಿನ ಬಣ್ಣ ಬಹಳ ಚೆನ್ನಾಗಿತ್ತು. ಕೋಟೆ ಕಡೆಯ ಪಂಡಿತರ ತೈಲದ ವಾಸನೆಗೆ ಮುಂದಿನ ಬೆಂಚು ತಾನಾಗಿಯೇ ಖಾಲಿಯಾಯಿತು. ಕೈ ಮಾತ್ರ ಇದ್ದಲ್ಲೇ ಇತ್ತು. ಆಗ ಪಕ್ಕದ ಮನೆಯವರು ಭದ್ರಾವತಿಯ ಸೂಜಿಯವರ ಸುದ್ದಿ ತಂದರು. ರಂಗೂನಿನಲ್ಲಿ ಚೀನೀ ಮುದುಕನೊಬ್ಬನ ಹತ್ತಿರ ಸೂಜಿ ಚುಚ್ಚುವುದನ್ನು ಕಲಿತು ಬಂದ ತಮಿಳರು. ಈಗ ಕಾರ್ಖಾನೆಯಲ್ಲಿ ಕೆಲಸ, ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ವೈದ್ಯ.

ನಮ್ಮವ್ವನಿಗೆ ಆಸ್ಪತ್ರೆಯಲ್ಲಿ ಕೊಡದ್ದೆಲ್ಲ ನಾಟಿ ಮದ್ದೇ. ಕಾಮಾಲೆಗೆ ಬೇರು ತರುವ ಕಟ್ಟಳೆಯೇ ಚೀನೀ ಸೂಜಿಗೂ: ಬರಿಹೊಟ್ಟೆಯಲ್ಲಿ ಹೋಗಬೇಕು, ದಾರಿಯಲ್ಲಿ ತುಟಿ ಬಿಚ್ಚಬಾರದು. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಕೇಳಿದರೆ ಅವ್ವ ಮುಂದಕ್ಕೆ ಕೈ ತೋರಿಸಿ ಎರಡು ಬೆರಳೆತ್ತಿದಳು. ಆತ ಮರುಗಿ, ಮೂಗಿಯರೆಂದು ಕೂತಿದ್ದ ಇಬ್ಬರನ್ನೆಬ್ಬಿಸಿ ಸೀಟು ಕೊಡಿಸಿದ. ಬಿ.ಎ. ಓದಿದವಳು ಇದನ್ನೆಲ್ಲ ನಂಬುತ್ತೇನೆಯೇ? ಆದರೂ ಬಾಯಿ ಬಿಡಲಿಲ್ಲ. ಕೈ ನನ್ನದು ತಾನೆ.

ಸೂಜಿಯವರ ಮನೆಯ ಜಗಲಿಯ ಬೆಂಚಿನ ಮೇಲೆ ಸೂಜಿ ಚುಚ್ಚಿಸಿಕೊಂಡವರು ಸಾಲಾಗಿ ಕೂತು ಬೀಡಿ, ಬೋನಸ್ಸುಗಳ ಮಾತಾಡುತ್ತಿದ್ದರು. ಇದ್ದಿಲ ಒಲೆಯ ಮೇಲೆ ಸೂಜಿ ಕುದಿಯುತ್ತಿದ್ದವು, ಪಕ್ಕದಲ್ಲೇ ಕಾಫಿ. ಸೂಜಿಯೆಂದರೆ ನಾನು ಗೋಣಿ ಹೊಲಿಯುವ ದಬ್ಬಣವನ್ನು ನೆನೆಸಿಕೊಂಡು ಹೋಗಿದ್ದೆ. ಕೂದಲಿನಷ್ಟು ಸಣ್ಣದಿತ್ತು. ಹೆಗಲ ನೋವೆಂದರೆ ಮೊದಲು ಮೊಣಕಾಲ ಕೆಳಗೆ ಚುಚ್ಚಿದರು, ಆಮೇಲೆ ಹೆಗಲಿಗೆ. ಇರುವೆ ಕಚ್ಚಿದಷ್ಟೇ. ಬೆರಳಲ್ಲಿ ತಿರುವಿದಾಗ ಒಳಗೆಲ್ಲೋ ಭಾರವಾಗಿ ಜೋಮು ಹಿಡಿದ ಹಾಗಾಯಿತು. ಇಷ್ಟೇನಾ ಅಂದುಕೊಳ್ಳುವಷ್ಟರಲ್ಲಿ ಜಗಲಿಯ ಕಂಬ ತಿರುಗತೊಡಗಿತು.

"ತಿಂಡಿ ಏನು ತಿಂದ್ರಿ, ಟೀಚರಮ್ಮ?"

ನಾನು ಬಾಯಿ ಬಿಡುವ ಮೊದಲೇ ಅವ್ವ ಹೆಮ್ಮೆಯಿಂದ ಹೇಳಿದಳು: "ನಿನ್ನೆ ರಾತ್ರಿಯಿಂದ ಒಂದು ತೊಟ್ಟು ನೀರೂ ಮುಟ್ಟಿಲ್ಲಪ್ಪ ನನ್ನ ಮಗಳು."

ಅವರು ಸರಸರನೆ ಸೂಜಿ ಕಿತ್ತು, ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಸಕ್ಕರೆ ನೀರು ಕುಡಿಸಿದರು. "ಅಮ್ಮಾ, ಇದು ವ್ರತ ಅಲ್ಲ. ಮುಂದಿನ ವಾರ ಇಡ್ಲಿ ತಿನ್ನಿಸಿ ಕರ್ಕೊಂಡು ಬನ್ನಿ" ಎಂದರು. ಉಂಡು ಹೋಗಿ ತಗೊಳ್ಳೋದೂ ಒಂದು ಮದ್ದಾ ಎಂದು ಅವ್ವ ವಾಪಸು ಬರುವಾಗ ದಾರಿಯುದ್ದಕ್ಕೂ ಗೊಣಗಿದಳು. ಬರುವ ದಾರಿಗೆ ಮೌನದ ಕಟ್ಟಳೆ ಇರಲಿಲ್ಲವಲ್ಲ.

ಆಮೇಲೆ ಪ್ರತಿ ಭಾನುವಾರ ತಿಂದೇ ಹೋದೆ. ಒಂದೇ ದಿನಕ್ಕೆ ಪವಾಡವಾಗಲಿಲ್ಲ; ಎರಡನೆಯ ಸಲದ ಮಾರನೆಯ ದಿನವಂತೂ ನೋವು ಹೆಚ್ಚೇ ಇತ್ತು. ನಿಧಾನಕ್ಕೆ ಕೈ ಕಿವಿಯವರೆಗೆ ಬಂತು, ಜಡೆ ನಾನೇ ಹಾಕಿಕೊಳ್ಳುವ ಹಾಗಾಯಿತು. ಅಲ್ಲಿಗೆ ನಿಂತಿತು. ಬೋರ್ಡಿನ ಮೇಲಂಚಿಗೆ ಇನ್ನೂ ಒಂದು ಗೇಣು ಕಡಿಮೆ.

ಇನ್‌ಸ್ಪೆಕ್ಟರು ಬಂದ ದಿನ ತುದಿಗಾಲಲ್ಲಿ ನಿಂತು ಪಾಠದ ಹೆಸರನ್ನು ಮೇಲೆಯೇ ಬರೆದೆ. ಕೂತಲ್ಲಿಂದಲೇ ಎಲ್ಲರಿಗೂ ಕಾಣುತ್ತಿತ್ತು. ಆದರೂ ಹಿಂದಿನ ಬೆಂಚಿನವರು ರೂಢಿಯಂತೆ ದಡಬಡ ಎದ್ದು ನಿಂತರು. ತಮಗೇ ಮರ್ಯಾದೆ ಕೊಟ್ಟರೆಂದು ಇನ್‌ಸ್ಪೆಕ್ಟರು ಹಿಗ್ಗಿ ಶಿಸ್ತನ್ನು ಹೊಗಳಿದರು. ಅದು ನಮ್ಮ ಶಾಲೆಯ ಪದ್ಧತಿ ಎಂದರು ಹೆಡ್‌ಮಿಸ್ಟ್ರೆಸ್, ಕಣ್ಣು ಮಿಟುಕಿಸದೆ.

ಕೆಲಸ ಖಾಯಂ ಆಯಿತು. ಸಂಜೆ ಅಪ್ಪನೆದುರು ಕೈಯೆತ್ತಿ ತೋರಿಸಿದೆ. ಅವ್ವ ಒಲೆಯ ಮುಂದಿನಿಂದಲೇ ನೋಡಿದಳು.

"ಆ ಒಂದು ಗೇಣು ಯಾಕೆ ಉಳೀತು ಗೊತ್ತೇನೆ? ಇಡ್ಲಿ ತಿಂದು ಹೋದ್ಯಲ್ಲ, ಅದಕ್ಕೆ."