ಕಾಜಾಳ ಹೆಸರಿಗೆ ಓಗೊಟ್ಟವಳು

ಕಾಲರ್ ಅಕ್ಕನ ಬಗ್ಗೆ ಹೇಳಬೇಕೆಂದರೆ ಮೊದಲು ನಮ್ಮ ಲೈನಿನ ಪದ್ಧತಿಯನ್ನು ಹೇಳಬೇಕು. ನಾವು ಶರ್ಟು ಹೊಲಿಯುವ ಕಾರ್ಖಾನೆಯ ಹೆಂಗಸರು. ಒಬ್ಬಳು ತೋಳು ಕೂಡಿಸುತ್ತಾಳೆ, ಒಬ್ಬಳು ಕಾಲರ್, ಒಬ್ಬಳು ಗುಂಡಿಗೆ ಕಾಜಾ ಹಾಕುತ್ತಾಳೆ. ಕೊನೆಯಲ್ಲಿ ಕೂತು ದಾರದ ತುದಿ ಕತ್ತರಿಸುವವಳು ನಾನು. ಮಾಡುವ ಕೆಲಸವೇ ನಮಗೆ ಹೆಸರು. ನನ್ನನ್ನು ಕತ್ತರಿ ಎನ್ನುತ್ತಾರೆ. ನನ್ನ ನಾಲಿಗೆಯನ್ನೂ ಸೇರಿಸಿಯೇ ಹಾಗೆನ್ನುತ್ತಾರೆಂದು ಗೊತ್ತಿದೆ, ಅನ್ನಲಿ.

ಪದ್ಧತಿ ಏನೆಂದರೆ, ಒಬ್ಬಳಿಗೆ ತಡವಾದರೆ ಇನ್ನೊಬ್ಬಳು ಅವಳ ಕಾರ್ಡನ್ನೂ ಪಂಚ್ ಮಾಡಬೇಕು. ಒಬ್ಬಳು ಬಚ್ಚಲಿಗೆ ಹೋದರೆ ಪಕ್ಕದವಳು ಎರಡೂ ಮಿಷನ್ ತುಳಿಯಬೇಕು. ಹಾಜರಿ ಕೂಗುವಾಗ ಇಲ್ಲದವಳ ಪರವಾಗಿ ಯಾರಾದರೂ 'ಇದೀನಿ ಸಾರ್' ಎನ್ನಬೇಕು. ಎಲ್ಲರ ತಲೆಗೂ ಒಂದೇ ನೀಲಿ ಟೋಪಿ, ಯಾರು ಯಾರೆಂದು ಸೂಪರ್‌ವೈಸರನಿಗೆ ಗೊತ್ತಾಗಬೇಕಲ್ಲ! ಇದನ್ನು ನಾವು ಮೋಸವೆಂದು ಯಾವತ್ತೂ ತಿಳಿದವರಲ್ಲ. ನನ್ನ ಹೆಸರಲ್ಲಿ ನೀನು ಮಾಡಿದ್ದು ನಾನು ಮಾಡಿದಂತೆಯೇ.

ಕಾಲರ್ ಅಕ್ಕ ಈ ವಿದ್ಯೆಯಲ್ಲಿ ಎತ್ತಿದ ಕೈ. ಗಟ್ಟಿ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಇಸ್ಪೀಟು ಎಲೆ ಹಂಚುವವಳಂತೆ ಕಾರ್ಡುಗಳನ್ನು ಒತ್ತುತ್ತಿದ್ದಳು. ಪಕ್ಕದ ಮಿಷನ್ನಿನ ಕಾಜಾ ಎಂದರೆ ಅವಳಿಗೆ ಜೀವ. ಕಾಜಾ ಕಿಲಕಿಲ ನಗುವ, ಎಲ್ಲದಕ್ಕೂ ಹೆದರುವ ಹುಡುಗಾಟದವಳು. ಗಂಡ ಲಾರಿ ಓಡಿಸುತ್ತಾನೆ, ಒಬ್ಬಳೇ ಮಗಳು. ಆ ಮಗು ಕಾಲರ್ ಅಕ್ಕನನ್ನು ದೊಡ್ಡಮ್ಮ ಎಂದು ಕರೆಯುತ್ತಿತ್ತು.

ಒಂದು ವರ್ಷ ಕಾರ್ಖಾನೆಯ ಅಂಗಳಕ್ಕೆ ತಪಾಸಣೆಯ ವ್ಯಾನು ಬಂತು. ಡಾಕ್ಟರಮ್ಮ ಮೈಕು ಹಿಡಿದು ಹೇಳಿದರು: ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿಗೆ ಒಂದು ವೈರಸ್ ಕಾರಣ. ಅದು ಬಹಳ ಜನಕ್ಕೆ ತಗುಲುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಕೂತಿರುತ್ತದೆ. ದೇಶದಲ್ಲಿ ವರ್ಷವರ್ಷವೂ ಸಾವಿರಾರು ಹೆಂಗಸರು ಇದರಿಂದ ಸಾಯುತ್ತಾರೆ, ಬೇಗ ನೋಡಿದರೆ ಸಾಯಬೇಕಾಗಿಲ್ಲ. ಗಂಡಸರಿಗೆ ಗಂಟಲಲ್ಲೂ ಬರಬಹುದು ಎಂದಾಗ ಸೂಪರ್‌ವೈಸರ್ ಕತ್ತು ಮುಟ್ಟಿ ನೋಡಿಕೊಂಡ. ನಾವೆಲ್ಲ ನಕ್ಕೆವು. ಸಾವಿರಾರು ಎಂಬ ಮಾತು ಆ ನಗುವಿನಲ್ಲೇ ತೇಲಿ ಹೋಯಿತು. ಸಾವಿರ ಎಂದರೆ ನಮ್ಮ ಪಾಲಿಗೆ ಶರ್ಟುಗಳ ಲೆಕ್ಕ, ಅಷ್ಟೇ.

ಲೈನಿನಲ್ಲಿ ಎಲ್ಲರ ಹೆಸರಿನ ಮುಂದೂ ಗುರುತು ಬೀಳಲೇಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು. ಕಾಜಾಳ ಮುಖ ಸಪ್ಪಗಾಯಿತು.

"ಅಲ್ಲೆಲ್ಲ ತೋರ್ಸೋಕೆ ನನ್ ಕೈಲಿ ಆಗಲ್ಲಕ್ಕ. ಸತ್ತೇ ಹೋಗ್ತೀನಿ."

"ಅಯ್ಯೋ ಪುಕ್ಕಲಿ, ಎರಡು ನಿಮಿಷದ ಕೆಲ್ಸ ಕಣೇ," ಎಂದಳು ಕಾಲರ್ ಅಕ್ಕ.

"ಹಂಗಾದ್ರೆ ನೀನೇ ಹೋಗ್ಬಾ, ನನ್ ಕಾರ್ಡೂ ತಗೊಂಡು."

ನಾವು ಮತ್ತೆ ನಕ್ಕೆವು. ಕಾಲರ್ ಅಕ್ಕ ಬೆಳಿಗ್ಗೆ ತನ್ನ ಹೆಸರಲ್ಲಿ ಹೋಗಿಬಂದಿದ್ದಳು. ಊಟವಾದ ಮೇಲೆ ನರ್ಸ್ ಬದಲಾದದ್ದು ನೋಡಿ, ಕಾಜಾಳ ಕಾರ್ಡು ಹಿಡಿದು ಮತ್ತೆ ವ್ಯಾನು ಹತ್ತಿದಳು. ಒಳಗೆ ಕಾಜಾಳ ಹೆಸರು ಕೂಗಿದಾಗ ಅವಳು 'ಇದೀನಿ' ಎಂದು ಓಗೊಟ್ಟಿದ್ದು ನನ್ನ ಮೇಜಿನ ತನಕ ಕೇಳಿಸಿತು. ಕಾಜಾ ಆ ಹೊತ್ತಿನಲ್ಲಿ ಎರಡೂ ಮಿಷನ್ ತುಳಿಯುತ್ತಾ ಕೂತಿದ್ದಳು.

ಇಬ್ಬರ ಮೊಬೈಲಿಗೂ ಏನೂ ತೊಂದರೆ ಇಲ್ಲವೆಂದು ಮೆಸೇಜು ಬಂತು. "ನಾನು ಪಾಸ್ ಕಣ್ರೇ!" ಎಂದು ಕಾಜಾ ಕುಣಿದಳು. ತಮಾಷೆಗೆ ಅಂದದ್ದು ನಿಜ. ಆದರೆ ಬರಬರುತ್ತಾ ಅವಳು ಅದನ್ನು ನಂಬಿಬಿಟ್ಟಳು. ನಾವೂ ನಂಬಿದೆವು, ಕಾಲರ್ ಅಕ್ಕನೂ ನಂಬಿದಳು. ಅವಳ ಹೆಸರಲ್ಲಿ ಕೆಲಸ ಆಗಿತ್ತಲ್ಲ, ಇನ್ನೇನು?

ಮುಂದೆ ಕಾಜಾಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗತೊಡಗಿತು. ಓಣಿಯ ಡಾಕ್ಟರು, ಆ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿಯೇ ಕೇಳಿದರು. ಇವಳು ಮೊಬೈಲು ತೆಗೆದು ಮೆಸೇಜು ತೋರಿಸಿದಳು. ಅವರು ಮಾತ್ರೆ ಬರೆದುಕೊಟ್ಟರು. ಮತ್ತೆ ಹೋದಳು, ಮತ್ತೆ ಮಾತ್ರೆ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕ್ಯಾನ್ಸರ್ ಸೊಂಟದ ತನಕ ಹಬ್ಬಿತ್ತು. ಅಲ್ಲಿನ ಡಾಕ್ಟರು ಅದೇ ಮೆಸೇಜು ನೋಡಿ ತಲೆ ಕೆರೆದುಕೊಂಡಾಗ ಕಾಲರ್ ಅಕ್ಕ, "ಅದು ನಂದು ಸಾರ್," ಎಂದಳು. ಅವರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಆವಾಗಲೇ ನೋಡಿದ್ದರೆ ಸಣ್ಣದರಲ್ಲೇ ಕಳೆಯಬಹುದಿತ್ತೇನೋ ಎಂದು ಅವರು ಮೆಲ್ಲಗೆ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಗಡ್ಡೆ ಸುಡಲು ಕರೆಂಟು ಕೊಡಿಸಿದ್ದಾಯಿತು, ಔಷಧಿಯ ಬಾಟಲಿ ಏರಿಸಿದ್ದಾಯಿತು. ಒಂದು ಮಧ್ಯಾಹ್ನ ನಾನೂ ಕಾಲರ್ ಅಕ್ಕನೂ ನೋಡಲು ಹೋದಾಗ ಕಾಜಾ ಹಾಸಿಗೆಯಲ್ಲಿ ಇದ್ದೂ ಇಲ್ಲದಂತೆ ಮಲಗಿದ್ದಳು. ಕಾಲರ್ ಅಕ್ಕ ಮಂಚದ ಕಂಬಿ ಹಿಡಿದು ನಿಂತೇ ಇದ್ದಳು.

"ಮುಖ ಯಾಕಕ್ಕ ಹಂಗ್ ಮಾಡ್ಕೊಂಡಿದೀಯ? ಹೋಗು ಅಂದೋಳು ನಾನೇ ಅಲ್ವಾ?" ಎಂದಳು ಕಾಜಾ. ಆಮೇಲೆ, "ಹುಡುಗೀರಿಗೆ ಇದು ಬರದೇ ಇರೋ ಹಾಗೆ ಸೂಜಿ ಇದೆಯಂತೆ. ನನ್ ಮಗಳಿಗೆ ಹಾಕ್ಸಿಬಿಡು. ಅವಳೂ ನನ್ ಹಂಗೇ ಪುಕ್ಕಲಿ. ನೀನೇ ಜೊತೇಲಿರು," ಎಂದಳು.

"ಹಾಕಿಸ್ತೀನಿ," ಎಂದಳು ಕಾಲರ್ ಅಕ್ಕ.

ಕಾಜಾ ಹೋದ ದಿನ ನನಗೆ ಅಳು ಬರಲಿಲ್ಲ. ಬರಬೇಕಿತ್ತು. ಕೈ ತನ್ನಷ್ಟಕ್ಕೆ ದಾರ ಕತ್ತರಿಸುತ್ತಿತ್ತು, ಸಂಜೆ ಗಂಟೆ ಹೊಡೆದ ಮೇಲೂ ಕತ್ತರಿಸುತ್ತಿತ್ತು. ಕಾಲರ್ ಅಕ್ಕನೂ ಅಳಲಿಲ್ಲ. ಮಾರನೆಯ ದಿನದಿಂದ ಅವಳು ತನ್ನದೊಂದು ಬಿಟ್ಟು ಯಾರ ಕಾರ್ಡನ್ನೂ ಮುಟ್ಟಲಿಲ್ಲ. ಯಾರ ಹೆಸರು ಕೂಗಿದರೂ ತುಟಿ ಬಿಚ್ಚಲಿಲ್ಲ. ಕೇಳಿದವರಿಗೆ, "ಅವರವರ ಹೆಸರಿಗೆ ಅವರವರೇ ಓಗೊಡ್ರಮ್ಮ," ಎನ್ನುತ್ತಿದ್ದಳು. ತೋಳಿನವಳ ಮಗುವಿಗೆ ಜ್ವರ ಬಂದ ದಿನವೂ ಅಷ್ಟೇ. ಅವಳ ಅರ್ಧ ದಿನದ ಸಂಬಳ ಹೋಯಿತು. ಲೈನಿನವರು ಇವಳನ್ನು ಕಲ್ಲೆದೆಯವಳು ಎಂದು ಬೈದರು. ಅದೆಂಥಾ ಹಟ ಎಂದು ನಾನೂ ಬೈದೆ. ಅವಳಿಗೆ ತಟ್ಟಿದ ಹಾಗೆ ಕಾಣಲಿಲ್ಲ. ಕಾಜಾಳ ಸ್ಟೂಲಿನಲ್ಲಿ ಬೇರೆಯವಳು ಬಂದು ಕೂತಳು, ಶರ್ಟುಗಳು ಮೊದಲಿನಂತೆಯೇ ಹೋಗುತ್ತಿದ್ದವು.

ಕೊನೆಗೂ ಆ ಸೂಜಿ ನಮ್ಮ ಕ್ಯಾಂಟೀನಿಗೇ ಬಂತು, ಕೆಲಸಗಾರರ ಹೆಣ್ಣುಮಕ್ಕಳಿಗೆ ಪುಕ್ಕಟೆ, ಹೊಸದಾಗಿ ಹಾಕಿಸುವವರಿಗೆ ಆ ಒಂದು ದಿನ ಮಾತ್ರ. ಕಾಜಾಳ ಗಂಡ ಲಾರಿಯ ಜೊತೆ ಎಲ್ಲೋ ದೂರದಲ್ಲಿದ್ದ. ಹಿಂದಿನ ದಿನವೇ ಫೋನಿನಲ್ಲಿ, "ಅವಳಮ್ಮ ಹೇಳಿದ್ದಾಳಲ್ಲ, ಹಾಕಿಸ್ಬಿಡಿ ಅಕ್ಕಾ," ಎಂದಿದ್ದ. ಹುಡುಗಿ ಶಾಲೆಯ ಬಟ್ಟೆಯಲ್ಲೇ ಬಂದಳು. ಕೈಯಲ್ಲಿ ಅಮ್ಮನ ಹಳೆಯ ಕಾರ್ಖಾನೆ ಕಾರ್ಡು. ಕೆಲಸಗಾರರ ಮಗಳೆನ್ನಲು ಬೇರೆ ಆಧಾರವಿರಲಿಲ್ಲ. ಕುರ್ಚಿ ಜೋಡಿಸಲು ನನ್ನನ್ನು ಹಾಕಿದ್ದರು, ಹಾಗಾಗಿ ಎಲ್ಲವೂ ನನ್ನ ಕಣ್ಣೆದುರೇ ನಡೆಯಿತು.

ನಮ್ಮ ಮುಂದಿದ್ದ ಹುಡುಗಿ ಅತ್ತೆಯ ಜೊತೆ ಬಂದಿದ್ದಳು. "ತಾಯಿ ಇಲ್ಲಾ ತಂದೆ ಎದುರಿಗೇ ಇರಬೇಕು. ಅತ್ತೆ, ಚಿಕ್ಕಮ್ಮ ಯಾರೂ ಆಗಲ್ಲ. ಫೋನೂ ಆಗಲ್ಲ," ಎಂದು ನರ್ಸ್ ಅವರನ್ನು ವಾಪಸ್ಸು ಕಳಿಸಿದಳು. ಅವಳ ತಪ್ಪಲ್ಲ, ನಿಯಮ ಹಾಗಿತ್ತು. ಕಾಲರ್ ಅಕ್ಕ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಎಷ್ಟೋ ತಿಂಗಳ ಮೇಲೆ ಅದು ಹೊಡೆದುಕೊಳ್ಳುವುದು ಗೊತ್ತಾಯಿತು.

ನರ್ಸ್ ಹುಡುಗಿಯ ಕೈಯಿಂದ ಕಾರ್ಡು ತೆಗೆದುಕೊಂಡಳು. ನೀಲಿ ಟೋಪಿ, ಮಾಸಿದ ಫೋಟೋ. ಕಾಜಾಳ ಹೆಸರನ್ನು ಗಟ್ಟಿಯಾಗಿ ಓದಿ, "ಯಾರಿದು? ಬಂದಿದಾರಾ?" ಎಂದಳು.

ಬಾಗಿಲಲ್ಲಿ ಸೂಪರ್‌ವೈಸರ್ ನಿಂತಿದ್ದ. ಕಾಜಾಳ ಹೆಣಕ್ಕೆ ಹೆಗಲು ಕೊಟ್ಟವನು ಅವನು. ನನ್ನನ್ನೊಮ್ಮೆ ನೋಡಿ, ತನ್ನ ಬೂಟು ನೋಡಿಕೊಂಡ.

"ಇದೀನಿ," ಎಂದಳು ಕಾಲರ್ ಅಕ್ಕ.

"ಈ ಹುಡುಗಿಗೆ ನೀವು ತಾಯೀನಾ?"

"ಹೂಂ."

ನರ್ಸ್ ಮುಂದಿದ್ದ ಪರದೆಯ ಮೇಲೆ ಬೆರಳಾಡಿಸಿ ಮುಗುಳ್ನಕ್ಕಳು. "ಪರವಾಗಿಲ್ವೇ, ನಿಮ್ಮ ತಪಾಸಣೇನೂ ಆಗಿದೆ. ಏನೂ ತೊಂದ್ರೆ ಇಲ್ಲ ಅಂತ ಬಂದಿದೆ. ಎಲ್ರೂ ನಿಮ್ ಹಾಗೆ ಬಂದು ಮಾಡಿಸ್ಕೊಂಡಿದ್ರೆ ದೇಶದಲ್ಲಿ ಇಷ್ಟು ಜನ ಯಾಕೆ ಸಾಯ್ತಿದ್ರು?"

ಹುಡುಗಿ ಕಾಲರ್ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ನಮ್ಮ ಲೈನಿನ ಮಗಳು, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೋಳು ಮೇಲಕ್ಕೆ ಮಡಚಿ ಕುರ್ಚಿಯಲ್ಲಿ ಕೂತು, ಇನ್ನೊಂದು ಕೈ ಚಾಚಿದಳು.

"ಅಮ್ಮಾ, ಹಿಡ್ಕೋ. ನಂಗೆ ಭಯ."

ಕಾಲರ್ ಅಕ್ಕ ಹಿಡಿದುಕೊಂಡಳು. ಸೂಜಿ ಒಳಗೆ ಹೋಗಿ ಹೊರಗೆ ಬಂತು. ಅವಳು ಕೈ ಬಿಡಲಿಲ್ಲ.

"ಆಯ್ತು ನೋಡಿ," ಎಂದಳು ನರ್ಸ್, ಹತ್ತಿ ಒತ್ತುತ್ತಾ. "ಆರು ತಿಂಗಳಿಗೆ ಇನ್ನೊಂದಿದೆ. ಆವಾಗ್ಲೂ ತಾಯಿ ಇರಲೇಬೇಕು. ತಪ್ಪಿಸ್ಬೇಡಿ."

"ತಪ್ಸಲ್ಲ," ಎಂದಳು ಕಾಲರ್ ಅಕ್ಕ. "ಬರ್ತೀನಿ."